ಖರಾಬಿನ ನೆರಳು

ಹಾಸನ ಬಿಟ್ಟು ದುದ್ದದ ಕಡೆಗೆ ಹೊರಟರೆ ‘ಇಲ್ಲಿಗೆ ಪೇಟೆ ಮುಗಿಯಿತು’ ಎನ್ನುವ ಜಾಗ ಈಗ ಸಿಗುವುದಿಲ್ಲ. ಆಲೂಗೆಡ್ಡೆ ಹೊಲದ ನಡುವೆಯೇ ಒಂದು ಕಮಾನು, ಕಮಾನಿನ ಮೇಲೆ ಯಾವುದೋ ದೇವರ ಹೆಸರು ಹೊತ್ತ ಬಡಾವಣೆ, ಒಳಗೆ ಬಿಳಿ ಬಣ್ಣ ಬಳಿದ ಕಲ್ಲುಗಳ ಸಾಲು. ಭುವನಹಳ್ಳಿಯಲ್ಲಿ ವಿಮಾನ ಇಳಿಯುವ ಮೊದಲೇ ಸೈಟಿನ ದರ ಹಾರಿಬಿಟ್ಟಿತು. ಆ ಕಲ್ಲುಗಳನ್ನು ದಾಟಿ ಒಳದಾರಿ ಹಿಡಿದಾಗ ಒಮ್ಮೊಮ್ಮೆ ಒಂದು ತೋಪು ಎದುರಾಗುತ್ತದೆ. ಮಾವು, ಹಿಪ್ಪೆ, ಹೊಂಗೆ, ಹುಣಸೆ, ಮೂಲೆಯಲ್ಲೊಂದು ಬಸರಿ. ಬೇಲಿಯಿಲ್ಲ, ಗೇಟಿಲ್ಲ, ಕಾವಲಿನವನಿಲ್ಲ. ಗುಂಡುತೋಪು.

ಮರಗಳು ದೊಡ್ಡವೇನೋ ಹೌದು. ಆದರೆ ನನಗೆ ಬೆರಗಾಗುವುದು ಅವು ಉಳಿದುಬಂದ ಸಂಗತಿ. ಬದು ಒಂದು ಗೇಣು ಈಚೆಗೆ ಸರಿಯಿತೆಂದು ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆಯುವ ಸೀಮೆ ನಮ್ಮದು. ಅಂಥ ಕಡೆ ಎಕರೆಗಟ್ಟಲೆ ನೆಲ ಒಬ್ಬರ ಹೆಸರಿಗೂ ಸೇರದೆ ಇಷ್ಟು ಕಾಲ ಹೇಗೆ ಸುಮ್ಮನಿತ್ತು?

ಕಾಗದದಲ್ಲಿ ಹುಡುಕಿದರೆ ಬೆರಗು ಇನ್ನೂ ಹೆಚ್ಚುತ್ತದೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಸಾಗುವಳಿಗೆ ಸೇರದ ನೆಲವೆಲ್ಲ ‘ಖರಾಬು’. ಅದರಲ್ಲಿ ಎರಡು ಬಗೆ. ಬಂಡೆ ಬಿದ್ದು, ಕೊರಕಲಾಗಿ ಬೇಸಾಯಕ್ಕೆ ಒಗ್ಗದ್ದು ಎ ಖರಾಬು. ದಾರಿ, ಸ್ಮಶಾನ, ಹಳ್ಳ ಹೀಗೆ ಹತ್ತು ಜನರ ಉಪಯೋಗಕ್ಕೆಂದು ಬಿಟ್ಟದ್ದು ಬಿ ಖರಾಬು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳಲ್ಲೂ ಈ ವಿಂಗಡಣೆ ಇದೆ. ತೋಪಿಗೆ ಕೆಲವು ಊರಲ್ಲಿ ತನ್ನದೇ ಸರ್ವೆ ನಂಬರು, ಕೆಲವು ಊರಲ್ಲಿ ಈ ಖರಾಬಿನಲ್ಲೇ ಒಂದು ಮೂಲೆ. ಅಂತೂ ಊರಿಗೆಲ್ಲ ತಂಪಾದ ಜಾಗಕ್ಕೆ ದಫ್ತರದಲ್ಲಿ ಸಿಕ್ಕ ಹೆಸರು ‘ಕೆಟ್ಟದ್ದು’. ಕಂದಾಯ ಹುಟ್ಟದ್ದೆಲ್ಲ ಖರಾಬು ಎಂದು ಬರೆದ ಆ ಹಳೆಯ ಗುಮಾಸ್ತನನ್ನು ಬೈಯೋಣ ಎನಿಸುತ್ತದೆ. ಆಮೇಲೆ, ಆ ಹೆಸರೇ ಅದನ್ನು ಕಾಯ್ದಿತೇನೋ ಎಂದೂ ಅನ್ನಿಸುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ದೃಷ್ಟಿ ತಾಗದಿರಲೆಂದು ತಿಪ್ಪ, ತಿಪ್ಪಿ ಎಂದು ಹೆಸರಿಡುತ್ತಿದ್ದರಲ್ಲ, ಹಾಗೆ.

ನೆಟ್ಟವರು ಯಾರು? ಗೊತ್ತಿಲ್ಲ. ಎತ್ತಿನ ಮೇಲೆ ಗಂಟು ಹೇರಿಕೊಂಡು ಊರೂರು ತಿರುಗುತ್ತಿದ್ದ ಹೆಳವರು ಇಂಥ ತೋಪುಗಳಲ್ಲೇ ಬಿಡಾರ ಹೂಡುತ್ತಿದ್ದರು. ಬೆಳಿಗ್ಗೆ ಮನೆಬಾಗಿಲಿಗೆ ಬಂದು, ನಮ್ಮ ಮುತ್ತಜ್ಜ ಯಾವ ಊರಿಂದ ಬಂದ, ಅವನಿಗೆಷ್ಟು ಮಕ್ಕಳು, ಯಾರು ಯಾವ ಕಡೆಗೆ ಹೋದರು ಎಂದು ವಂಶಾವಳಿ ಒಪ್ಪಿಸುತ್ತಿದ್ದರು. ಅಷ್ಟು ಹೆಸರು ಬಲ್ಲವರು ರಾತ್ರಿ ಮಲಗಿದ್ದು ಯಾರು ನೆಟ್ಟ ಮರದ ಬುಡದಲ್ಲಿ ಎಂಬುದಕ್ಕೆ ಮಾತ್ರ ಅವರ ಹಾಡಿನಲ್ಲಿ ಸಾಲಿರಲಿಲ್ಲ. ಓಟೆ ಊರಿದವನು ಆ ಮಾವಿನ ಮರದ ಪೂರ್ತಿ ನೆರಳನ್ನು ನೋಡಿರಲಾರ. ನೋಡುವುದಿಲ್ಲವೆಂದು ತಿಳಿದೇ ಊರಿದ. ಮಗನಿಗೂ ಬರೆದುಕೊಡಲಿಲ್ಲ.

ಓಟೆಯಿಂದ ಹುಟ್ಟಿದ ಮಾವು ತಾಯಿಮರದ ಹಾಗೇ ಇರಬೇಕೆಂದಿಲ್ಲ. ಅದಕ್ಕೇ ತೋಪಿನ ಒಂದೊಂದು ಮರದ್ದೂ ಒಂದೊಂದು ರುಚಿ. ಒಂದು ಉಪ್ಪಿನಕಾಯಿಗೇ ಸೈ, ಒಂದು ನಾರು, ಒಂದರ ಹಣ್ಣು ಸಕ್ಕರೆಯಾದರೂ ಒಳಗೆ ಹುಳ. ಯಾವ ಮರ ಎಂಥದು ಎಂಬುದು ದನ ಕಾಯುವ ಹುಡುಗರಿಗೆ ಬಾಯಿಪಾಠ. ಪೇಟೆಯಲ್ಲಿ ಬಾದಾಮಿ, ರಸಪೂರಿ ಎಂದರೆ ನಾಡಿಗೆಲ್ಲ ಒಂದೇ ಹಣ್ಣು. ಇಲ್ಲಿಯ ಸಕ್ಕರೆಕಾಯಿ ಲೋಕದಲ್ಲೇ ಇರುವುದೊಂದು ಮರ. ಅದನ್ನು ಕಡಿದರೆ ಆ ರುಚಿಯೇ ಮುಗಿಯಿತು.

ಹಿಪ್ಪೆಯದು ಇನ್ನೊಂದು ಸೋಜಿಗ. ಬೇಸಿಗೆ ಕಾಲಿಡುವ ಹೊತ್ತಿಗೆ ರಾತ್ರಿ ಹೂವರಳಿ, ಬಾವಲಿಗಳ ಗದ್ದಲವೆದ್ದು, ಬೆಳಗಿನ ಜಾವಕ್ಕೆ ನೆಲವೆಲ್ಲ ತುಂಬಿಕೊಂಡ ರಸಭರಿತ ಹೂವು. ಹುಳಿತ ಬೆಲ್ಲದಂಥ ವಾಸನೆ. ಆ ಹೊತ್ತಿನಲ್ಲಿ ತೋಪಿನೊಳಗೆ ನಿಂತವನಿಗೆ ಇದು ಯಾರ ಜಾಗ ಎಂಬ ಪ್ರಶ್ನೆ ಏಳುವುದೇ ಇಲ್ಲ. ಬಾವಲಿಗಳಿಗಂತೂ ಎದ್ದಿಲ್ಲ. ಇದೇ ಹಿಪ್ಪೆ, ಹೊಂಗೆ, ಬೇವಿನ ಬೀಜದಿಂದ ಎಂಜಿನ್ ಓಡಿಸಬಹುದೆಂದು ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಜೈವಿಕ ಇಂಧನ ಪಾರ್ಕನ್ನೇ ಕಟ್ಟಿದ್ದಾರೆ. ಖರಾಬಿನ ಬೀಜ!

ತೋಪು ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಮರದಡಿಯ ದೇವರಿಗೊಂದು ತಗಡಿನ ಸೂರು, ಆಮೇಲೆ ಒಂದು ನೀರಿನ ಟ್ಯಾಂಕು, ಒಂದು ಅಂಗನವಾಡಿ, ಒಂದು ಸಮುದಾಯ ಭವನ. ಒಂದೊಂದೂ ಬೇಕಾದದ್ದೇ, ಬೇಡವೆಂದವನು ಊರಿಗೆ ಕೆಟ್ಟವನು. ಕಡೆಗೆ ಪಕ್ಕದ ಬಡಾವಣೆಯ ನಕ್ಷೆಯಲ್ಲಿ ತೋಪು ‘ರಸ್ತೆ’ ಎಂದೋ ‘ಪಾರ್ಕು’ ಎಂದೋ ಕಾಣಿಸಿಕೊಳ್ಳುತ್ತದೆ. ಮನೆಯಿಲ್ಲದವರಿಗೆ ಸೈಟು ಕೊಡಬೇಡವೇ ಎಂದು ಕೇಳುವವರಿದ್ದಾರೆ. ಕೊಡಲೇಬೇಕು. ಆದರೆ ಕಮಾನು ಕಟ್ಟಿದ ಬಡಾವಣೆಗಳಲ್ಲಿ ನನಗೆ ಕಾಣುವುದು ಮನೆಯಿಲ್ಲದವರ ಮನೆಗಳಲ್ಲ, ಮನೆಯಿದ್ದವರ ಖಾಲಿ ಸೈಟುಗಳು.

2011ರ ಜನವರಿ 28ರಂದು ಸುಪ್ರೀಂ ಕೋರ್ಟು ಪಂಜಾಬಿನ ಒಂದು ಹಳ್ಳಿಯ ಕೆರೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಊರೊಟ್ಟಿನ ನೆಲದ ಒತ್ತುವರಿಯನ್ನು ಎಲ್ಲ ರಾಜ್ಯಗಳೂ ತೆರವು ಮಾಡಬೇಕು, ಮನೆ ಕಟ್ಟಿ ಎಷ್ಟು ವರ್ಷವಾಯಿತು, ಎಷ್ಟು ಖರ್ಚಾಯಿತು ಎಂಬುದೆಲ್ಲ ನೆಪವಾಗದು. ಅದಕ್ಕೂ ಮೊದಲೇ ಬೆಂಗಳೂರಿನ ಒತ್ತುವರಿಗಳನ್ನು ಲೆಕ್ಕಹಾಕಿ 2007ರಲ್ಲಿ ವರದಿ ಕೊಟ್ಟ ವಿಧಾನಮಂಡಲದ ಜಂಟಿ ಸದನ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಅರಕಲಗೂಡಿನ ಆಗಿನ ಶಾಸಕ ಎ.ಟಿ. ರಾಮಸ್ವಾಮಿ. ರಾಜಧಾನಿಯ ಗೋಮಾಳ, ಕೆರೆಗಳ ಲೆಕ್ಕ ಕೇಳಿದ್ದು ಹಾಸನದ ಮನುಷ್ಯ. ಹಾಸನದ ತೋಪುಗಳ ಲೆಕ್ಕವನ್ನು ನಾವು ಕೇಳದಿದ್ದರೆ ಹೇಗೆ?

ಅದೇ 2007ರಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 54 ಎಕರೆ, ಮುನ್ನೂರರಷ್ಟು ಹುಣಸೆ ಮರ. ಮರುವರ್ಷವೇ ಆ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು, ಸುತ್ತಲ ನೆಲಕ್ಕೆ ಚಿನ್ನದ ಬೆಲೆ ಬಂತು. ಒಂದು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೋ ನೆನೆಯಲು ಭಯವಾಗುತ್ತದೆ. ಎಲ್ಲ ತೋಪೂ ನಲ್ಲೂರು ಆಗಲಾರದು, ನಿಜ. ಆದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿದೆ, ಊರಿನ ಗಿಡಮರ, ಹಕ್ಕಿಪಕ್ಷಿಗಳನ್ನು ಒಂದು ದಾಖಲೆಯಲ್ಲಿ ಬರೆದಿಡಬೇಕೆಂದಿದೆ. ಸಕ್ಕರೆಕಾಯಿ ಮರ ಆ ಪುಸ್ತಕಕ್ಕೆ ಏರಬೇಕು. ಮಾಹಿತಿ ಬೇಕೆಂದರೆ ದನ ಕಾಯುವ ಹುಡುಗರನ್ನು ಕೇಳಿದರಾಯಿತು.

ಇದುವರೆಗೆ ತೋಪನ್ನು ಕಾದದ್ದು ಊರಿನ ಕಣ್ಣು. ಯಾರಾದರೂ ಕೊಡಲಿ ಎತ್ತಿದರೆ ‘ಏನಪ್ಪಾ ಅದು’ ಎಂದು ಕೇಳುವ ಒಬ್ಬ ಮುದುಕ, ಕೇಳಿಸಿಕೊಂಡು ನಾಚುವ ಒಬ್ಬ ಹುಡುಗ. ಮುದುಕರು ಹೋಗುತ್ತಿದ್ದಾರೆ, ಹುಡುಗರು ಬೆಂಗಳೂರಿನಲ್ಲಿದ್ದಾರೆ. ಬಾಯಲ್ಲಿದ್ದದ್ದನ್ನು ಕಾಗದಕ್ಕೆ ಇಳಿಸುವ ಹೊತ್ತು ಇದು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಈ ಸಲ ನಿಮ್ಮೂರಲ್ಲಿ ನಡೆದಾಗ ಎದ್ದು ನಿಂತು ಕೇಳಿ: ನಮ್ಮ ತೋಪಿನ ಸರ್ವೆ ನಂಬರು ಎಷ್ಟು, ಎಷ್ಟು ಎಕರೆ ಎಷ್ಟು ಗುಂಟೆ, ಹದ್ದುಬಸ್ತು ಆಗಿದೆಯೇ, ಕಲ್ಲುಗಳು ಎಲ್ಲಿವೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಬರಬೇಡಿ.