ಸಾಧಾರಣ ಮಾರ್ಕಿನ ಡಾಕ್ಟರು

‘ಸಾಧಾರಣ ಮಾರ್ಕಿನವರಿಗೆಲ್ಲ ಮೆಡಿಕಲ್ ಸೀಟು ಕೊಟ್ಟರೆ ನಾಳೆ ರೋಗಿಯ ಗತಿ ಏನ್ರೀ?’ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಈ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಕೇಳುವವರ ಕಣ್ಣು ಮಾತ್ರ ಯಾವಾಗಲೂ ನಮ್ಮ ಕಡೆಗೇ.

ಪ್ರಶ್ನೆ ತಪ್ಪಲ್ಲ. ರೋಗಿಯ ಜೀವ ದೊಡ್ಡದು. ಆದರೆ ಅದನ್ನು ಎಲ್ಲರಿಗೂ ಕೇಳಬೇಕು.

1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 68 ಸೀಟನ್ನು ಹಿಂದುಳಿದವರಿಗೆ, ಪರಿಶಿಷ್ಟರಿಗೆ ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಅದೇ ವರ್ಷ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಮೀಸಲಾತಿ ಅರ್ಧ ದಾಟಬಾರದೆಂಬ ಗೆರೆ ಬಿದ್ದದ್ದು ಅಲ್ಲಿ. ದುಡ್ಡಿನ ಸೀಟಿಗೆ ಇಷ್ಟು ಬೇಗ ಗೆರೆ ಬಿತ್ತೇ? ಕ್ಯಾಪಿಟೇಶನ್ ನಿಷೇಧ ಕಾಯ್ದೆ ಬಂದದ್ದು 1984ರಲ್ಲಿ. 1989ರ ಅಧಿಸೂಚನೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀಜು ಸರ್ಕಾರಿ ಸೀಟಿಗೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000ದ ತನಕ! ಇದು ಬೇರೆ ಹೆಸರಿನ ಕ್ಯಾಪಿಟೇಶನ್ ಎಂದು 1992ರಲ್ಲಿ ಮೋಹಿನಿ ಜೈನ್ ತೀರ್ಪು ಹೇಳಿತು. ಮಾರನೆಯ ವರ್ಷವೇ ಉನ್ನಿಕೃಷ್ಣನ್ ತೀರ್ಪು ‘ಪೇಮೆಂಟ್ ಸೀಟು’ ಒಪ್ಪಿತು.

ಈಗ ನೀಟ್ ಬಂದಿದೆ. 2024ರಲ್ಲಿ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 720ಕ್ಕೆ 162. ಅಂದರೆ ನೂರಕ್ಕೆ ಇಪ್ಪತ್ತೆರಡೂವರೆ. ಆ ಮಾರ್ಕಿಗೆ ಸರ್ಕಾರಿ ಸೀಟು ಕನಸು. ಅಪ್ಪನ ಹತ್ತಿರ ಕೋಟಿ ಇದ್ದರೆ ಮ್ಯಾನೇಜ್‌ಮೆಂಟ್ ಸೀಟಿನ ಬಾಗಿಲು ತಟ್ಟಬಹುದು. 2023ರಲ್ಲಿ ಪಿಜಿ ಸೀಟು ಖಾಲಿ ಉಳಿದವೆಂದು ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಆಗ ರೋಗಿಯ ಗತಿ ಯಾರಿಗೂ ನೆನಪಾಗಲಿಲ್ಲವೇ?

ಒಂದೇ ಮಾರ್ಕು. ದುಡ್ಡಿನ ಜೊತೆ ಬಂದರೆ ಅರ್ಹತೆ, ಜಾತಿ ಸರ್ಟಿಫಿಕೇಟಿನ ಜೊತೆ ಬಂದರೆ ಭಿಕ್ಷೆ! ಒಳಗೆ ಹೋಗುವ ಬಾಗಿಲು ಬೇರೆಬೇರೆ ಇರಬಹುದು. ಹೊರಗೆ ಬರುವ ಬಾಗಿಲು ಒಂದೇ. ಎಂಬಿಬಿಎಸ್ ಪರೀಕ್ಷೆಯಲ್ಲಿ ಯಾರ ಜಾತಿಗೂ ಪಾಸಿನ ಮಾರ್ಕು ಇಳಿಯುವುದಿಲ್ಲ.

ಇನ್ನು ರೋಗಿಯ ಮಾತು. ಯಾವ ಊರಿನ ರೋಗಿ? ಶೃಂಗೇರಿ ತಾಲೂಕಿನ ಕೆರೆಕಟ್ಟೆಯವರನ್ನು ಕೇಳಿ. ಒಂದು ಕಡೆ ಕುದುರೆಮುಖದ ಕಾಡು, ಮೇಲೆ ಬಿಡದ ಮಳೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯನ್ನು ಬಿಟ್ಟಿಲ್ಲ. ಅದು ಹರಡುವುದು ಉಣುಗಿನಿಂದ. ಉಣುಗು ಕಚ್ಚುವುದು ಸೌದೆಗೆ, ತರಗೆಲೆಗೆ ಕಾಡಿಗೆ ಹೋದ ಕೂಲಿಯವರನ್ನು. ಆ ಅವ್ವನ ಮಗಳು ಉಣುಗನ್ನು ಪುಸ್ತಕಕ್ಕಿಂತ ಮೊದಲು ಅವ್ವನ ಕಾಲಿನ ಮೇಲೆ ಕಂಡವಳು. ಇದಕ್ಕೆ ನೀಟಿನಲ್ಲಿ ಎಷ್ಟು ಮಾರ್ಕು? ಮಳೆಗಾಲದಲ್ಲಿ ಕರೆಂಟಿಲ್ಲದೆ, ಕೋಚಿಂಗಿಲ್ಲದೆ ಅವಳು ಗಳಿಸುವ ‘ಸಾಧಾರಣ’ ಮಾರ್ಕು ಅವಳು ಹತ್ತಿದ ಗುಡ್ಡದ ಎತ್ತರ ಹೇಳುವುದಿಲ್ಲ. ನಿಂತ ಜಾಗ ಮಾತ್ರ ಹೇಳುತ್ತದೆ.

ಹಾಗಾದರೆ ಸೀಟು ಅಂದರೇನು? ಓಟದಲ್ಲಿ ಗೆದ್ದವನ ಬಹುಮಾನವೋ, ಕಾಯಿಲೆಯವರು ಒಬ್ಬರ ಕೈಗೆ ಕೊಟ್ಟ ಹೊಣೆಯೋ? ಬಹುಮಾನ ಅಂದುಕೊಂಡವರು ಅದನ್ನು ಮಾರಿದರು, ಕೊಂಡರು. ನಾವು ಹೊಣೆ ಅನ್ನುತ್ತೇವೆ. ಅಂದ ಮೇಲೆ ಗೆಳೆಯರೇ, ನಮ್ಮನ್ನೂ ಕೇಳಿಕೊಳ್ಳಬೇಕು. ನಮ್ಮವರ ಹೆಸರಿನಲ್ಲಿ ಸೀಟು ಪಡೆದ ಡಾಕ್ಟರು ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಕೂತು ಕೇರಿಯ ವಾಸನೆಗೆ ಮೂಗು ಮುಚ್ಚಿದರೆ? ಹಳ್ಳಿಯ ಚಾಕರಿ ನಮ್ಮ ಮಕ್ಕಳ ತಲೆಗೆ ಮಾತ್ರ ಕಟ್ಟಬೇಕೆಂದಲ್ಲ. ದುಡ್ಡಿನ ಸೀಟಿನವರೂ ಬರಲಿ. ಆದರೆ ಅವರು ಬರುವ ತನಕ ನಾವೂ ಕಾಯುತ್ತ ಕೂರುವುದೇ?

ಚಿಕ್ಕಮಗಳೂರು ಜಿಲ್ಲೆಗೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಅಲ್ಲಿ ಯಾರು ಎಷ್ಟು ಮಾರ್ಕಿಗೆ ಸೇರಿದರು ಎಂದು ಲೆಕ್ಕ ಹಾಕುವವರು ಬೇಕಾದಷ್ಟಿದ್ದಾರೆ. ಅಲ್ಲಿಂದ ಹೊರಬಂದವರಲ್ಲಿ ಎಷ್ಟು ಜನ ಕೆರೆಕಟ್ಟೆಯ ಬಸ್ಸು ಹತ್ತಿದರು ಎಂಬ ಲೆಕ್ಕ ನಾವು ಇಡೋಣ.