ಬಡ್ಡಿಮಕ್ಕಳು ಲೆಕ್ಕ ಕಲಿಯುವುದು

"ಫೈನಾನ್ಸ್ ಓದ್ತಾ ಇದೀನವ್ವ" ಅಂದಳಂತೆ ಹುಡುಗಿ. ಮಾಗಡಿ ಕಡೆಯ ಒಂದು ಕೇರಿಯವಳು. ವಿಜಯನಗರದಲ್ಲಿ ನಾಲ್ವರು ಸೇರಿ ಹಿಡಿದ ಬಾಡಿಗೆ ರೂಮಿನಲ್ಲಿದ್ದುಕೊಂಡು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಹಬ್ಬಕ್ಕೆ ಊರಿಗೆ ಹೋಗಿದ್ದಳು. ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದಳು. "ಅವರ ಜೊತೆ ಸೇರ್ಕಂಡ್ಯಾ?"

ಆ ಕೇರಿಯಲ್ಲಿ ಫೈನಾನ್ಸ್ ಎಂದರೆ ಓದಿನ ಹೆಸರಲ್ಲ. ತಿಂಗಳ ಎರಡನೇ ಗುರುವಾರ ಬೆಳಿಗ್ಗೆ ಬೈಕಿನಲ್ಲಿ ಬಂದು, ಗುಂಪಿನ ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿ, ಕಂತು ಎಣಿಸಿಕೊಂಡು ಹೋಗುವ ಮನುಷ್ಯನ ಹೆಸರು. ಒಬ್ಬಳು ಕಟ್ಟದಿದ್ದರೆ ಉಳಿದವರನ್ನೂ ಏಳಗೊಡದವನು. ಹುಡುಗಿ ಇದನ್ನು ನಮಗೆ ಹೇಳಿ ನಕ್ಕಳು. ನಮಗೆ ನಗು ಬರಲಿಲ್ಲ. ಕೇರಿಗಳಿಂದ ಬಂದು ವಾಣಿಜ್ಯ ಓದಿ, ಈಗ ಭಾನುವಾರಗಳಲ್ಲಿ ಕಿರಿಯರಿಗೆ ಅದನ್ನೇ ಹೇಳಿಕೊಡುವ ನಾವು ನಾಲ್ಕಾರು ಮಂದಿ ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಇಷ್ಟು ವರ್ಷ ತಳ್ಳಿದ್ದೇವೆ.

ನಮ್ಮ ಅಪ್ಪ ತಾತಂದಿರಿಗೆ ಲೆಕ್ಕ ಬರುತ್ತಿರಲಿಲ್ಲ ಅನ್ನುವುದು ಸುಳ್ಳು. ಎಷ್ಟು ಮಳೆಗೆ ಎಷ್ಟು ರಾಗಿ, ಎಷ್ಟು ಆಳಿಗೆ ಎಷ್ಟು ಕಳೆ ಎಂಬುದು ಬೆರಳ ತುದಿಯಲ್ಲಿತ್ತು. ಗೊತ್ತಿಲ್ಲದ್ದು ಒಂದೇ, ಧಣಿಯ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು. ಮದುವೆಗೆ ಇನ್ನೂರು ರೂಪಾಯಿ ತಂದರು, ಹೆಬ್ಬೆಟ್ಟು ಒತ್ತಿದರು, ಮಗ ಜೀತಕ್ಕೆ ನಿಂತ. ಅವನ ದುಡಿಮೆ ಬಡ್ಡಿಗೆ ಜಮಾ ಆಯಿತು, ಅಸಲು ಇದ್ದ ಹಾಗೇ ಇತ್ತು. ಜ್ವರ ಬಂದು ಎರಡು ದಿನ ಮಲಗಿದರೆ ಅದೂ ಅಸಲಿಗೆ ಸೇರಿತು. 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಬಂದು ಜೀತ ರದ್ದು, ಆ ಸಾಲವೂ ರದ್ದು ಎಂದವು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣಪರಿಹಾರ ಕಾಯ್ದೆ ತಂದಿತು. ಕಾನೂನಿನಲ್ಲಿ ಸತ್ತ ಸಾಲ ಎಷ್ಟೋ ಊರುಗಳ ಲೆಕ್ಕದ ಪುಸ್ತಕದಲ್ಲಿ ಉಸಿರಾಡುತ್ತಲೇ ಇತ್ತು. ಹೊಲದ ಬದುವಿನ ಮೇಲೆ ನಿಂತು "ಬಡ್ಡಿಮಗನೆ" ಎಂದು ಕೂಗುತ್ತಿದ್ದರಲ್ಲ, ಆ ಬೈಗುಳದ ಮೂಲ ಯಾವುದೋ ಪಂಡಿತರು ಹೇಳಲಿ. ಬಡ್ಡಿಗೆ ನಿಂತ ಮಗನಿಗಂತೂ ಅದು ಬೈಗುಳವಾಗಿ ಕೇಳಿಸಲಿಲ್ಲ, ವಿಳಾಸವಾಗಿ ಕೇಳಿಸಿತು.

ಆ ಬಡ್ಡಿಮಕ್ಕಳ ಮೊಮ್ಮಕ್ಕಳು ಈಗ ಮಾಗಡಿ ರಸ್ತೆ ಹಿಡಿದು ವಿಜಯನಗರಕ್ಕೆ ಬರುತ್ತಾರೆ. 2015ರಲ್ಲಿ ಮೆಟ್ರೋ ಬಂದ ಮೇಲೆ ಬಾಡಿಗೆ ಏರಿದೆ, ಆದರೂ ಬರುತ್ತಾರೆ. ಕಂಬಕಂಬಕ್ಕೂ ಕೋಚಿಂಗ್ ಬೋರ್ಡು. ಹಂಪಿನಗರದ ಲೈಬ್ರರಿಯಲ್ಲಿ ಕೆ.ಎ.ಎಸ್., ಪಿ.ಎಸ್.ಐ. ಕನಸಿನವರ ನಡುವೆ ಬಿ.ಕಾಂ., ಬಿ.ಬಿ.ಎ. ಮಕ್ಕಳೂ ಕೂತಿರುತ್ತಾರೆ. ಯಾಕೆ ಕಾಮರ್ಸು ಅಂದರೆ ಉತ್ತರ ಸುಲಭ. ಎಂಜಿನಿಯರಿಂಗಿಗೆ ದುಡ್ಡಿಲ್ಲ, ವಿಜ್ಞಾನಕ್ಕೆ ಟ್ಯೂಷನ್ನಿಲ್ಲ. ಬಿ.ಕಾಂ. ಆದರೆ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಬಿಲ್ ಹಾಕಬಹುದು. ದೊಡ್ಡ ಬಿಸಿನೆಸ್ ಸ್ಕೂಲುಗಳಲ್ಲಿ ಇದೇ ಫೈನಾನ್ಸ್ ಓದುವ ಮಕ್ಕಳು ಊಟದ ಹೊತ್ತಿಗೆ ಅಪ್ಪನ ಬಾಯಲ್ಲಿ ಷೇರಿನ ಮಾತು ಕೇಳಿ ಬೆಳೆದವರು. ನಮ್ಮವರಿಗೆ ಷೇರು ಎಂದರೆ ಮೊದಲು ನೆನಪಾಗುವುದು ಷೇರ್ ಆಟೋ.

ಪುಸ್ತಕದ ಮೊದಲ ಪಾಠ, ಇವತ್ತಿನ ನೂರು ರೂಪಾಯಿಗೆ ಮುಂದಿನ ವರ್ಷದ ನೂರಕ್ಕಿಂತ ಬೆಲೆ ಹೆಚ್ಚು. ಇದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ, ನೂರಕ್ಕೆ ತಿಂಗಳಿಗೆ ಮೂರರಂತೆ ಕಟ್ಟಿ ಕಲಿತಿದ್ದಾರೆ. ಎರಡನೆಯದು ರಿಸ್ಕು. ಹಣ ಹಾಕಿದವನಿಗೆ ಅಂದುಕೊಂಡದ್ದು ಬಾರದೇ ಹೋಗುವ ಸಂಭವವೇ ರಿಸ್ಕು. ಅದು ಹೆಚ್ಚಿದಷ್ಟೂ ಅವನಿಗೆ ಹೆಚ್ಚು ಪ್ರತಿಫಲ ಸಲ್ಲಬೇಕು. ನಮ್ಮಲ್ಲೊಂದು ಗಾದೆಯಿದೆ, ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಈ ಗಾದೆ ಕಟ್ಟಿದವನು ಇಸ್ಕೊಂಡವನಂತೂ ಆಗಿರಲಾರ. ಅದನ್ನೇ ಇಂಗ್ಲಿಷಿನಲ್ಲಿ ಗ್ರಾಫು ಹಾಕಿ ಬರೆದರೆ ಅಧ್ಯಾಯವಾಗುತ್ತದೆ. ಹೊಲ ಅಡವಿಡುವವನಿಗೆ ಕಡಿಮೆ ಬಡ್ಡಿ, ಹೊಲವೇ ಇಲ್ಲದವಳಿಗೆ ಹೆಚ್ಚು ಬಡ್ಡಿ. ಲೆಕ್ಕ ತಪ್ಪಿಲ್ಲ, ನಾವು ಮಾಡಿದರೂ ಅದೇ ಉತ್ತರ ಬರುತ್ತದೆ. ಆದರೆ ಅವಳಿಗೆ ಹೊಲ ಯಾಕಿಲ್ಲ ಎಂಬುದು ಆ ಅಧ್ಯಾಯ ಶುರುವಾಗುವುದಕ್ಕೆ ಮುಂಚೆಯೇ ಮುಗಿದುಹೋದ ವಿಷಯ. ಕೂಲಿ ಸಿಗದ ವಾರ, ಮಗುವಿನ ಡೆಂಗ್ಯೂ ಇವೂ ರಿಸ್ಕೇ. ಅವು ಪುಸ್ತಕಕ್ಕೆ ಬರುವುದು ಕೊಟ್ಟವನ ದುಡ್ಡು ನಿಂತಾಗ ಮಾತ್ರ.

ಹಾಗಾದರೆ ಇದು ಸಾಹುಕಾರನ ವಿದ್ಯೆ, ನಮ್ಮ ಮಕ್ಕಳಿಗೆ ಬೇಡ ಎನ್ನುವ ಗೆಳೆಯರಿದ್ದಾರೆ. ಕಾನೂನು ಓದಲಿ, ಸಮಾಜಶಾಸ್ತ್ರ ಓದಲಿ ಅನ್ನುತ್ತಾರೆ. ಈ ಗೆಳೆಯರಿಗೆ ಒಂದು ಮಾತು ನೆನಪಿಸಬೇಕು. ಬಾಬಾಸಾಹೇಬರು ಸಂವಿಧಾನಕ್ಕೆ ಕೈಹಾಕುವ ಬಹಳ ಮುಂಚೆ ಹಣಕಾಸಿಗೆ ಕೈಹಾಕಿದವರು. 1915ರಲ್ಲಿ ಕೊಲಂಬಿಯಾದಲ್ಲಿ ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ. 1923ರಲ್ಲಿ ರೂಪಾಯಿಯ ಸಮಸ್ಯೆ, 1925ರಲ್ಲಿ ಪ್ರಾಂತ್ಯಗಳ ಹಣಕಾಸು. 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರಾದರು. ಸಹೋದ್ಯೋಗಿಗಳಲ್ಲಿ ಕೆಲವರು, ತಮ್ಮ ಹೂಜಿಯ ನೀರನ್ನು ಅವರು ಮುಟ್ಟಬಾರದೆಂದರು. ರೂಪಾಯಿಯ ವಿಷಯ ಪಾಠ ಮಾಡಬಹುದು, ನೀರು ಮುಟ್ಟುವಂತಿಲ್ಲ! ಆ ರೂಪಾಯಿ ಪುಸ್ತಕದಲ್ಲಿ ಅವರು ಕೇಳಿದ ಪ್ರಶ್ನೆಯನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕೇಳಲಿಲ್ಲ. ರೂಪಾಯಿ ಬೆಲೆ ಇಳಿದರೆ ರಫ್ತುದಾರನಿಗೆ ಲಾಭ ಅನ್ನುತ್ತಾರೆ, ಆ ಲಾಭ ಯಾರ ಜೇಬಿನಿಂದ ಬಂತು? ಧಾರಣೆ ಏರಿದ ವೇಗದಲ್ಲಿ ಕೂಲಿ ಏರದಿದ್ದಾಗ, ಕೂಲಿಯವನ ಜೇಬಿನಿಂದ. ವಿದ್ಯೆ ಸಾಹುಕಾರನದೇ ಇರಬಹುದು, ಪ್ರಶ್ನೆ ಕೇಳಿದವನು ಬೇರೆ.

ಇಷ್ಟು ಹೇಳಿ ಎದೆಯುಬ್ಬಿಸಿ ಎದ್ದುಹೋಗಬಹುದಿತ್ತು. ಆದರೆ ಎಲ್ಲರೂ ಅಂಬೇಡ್ಕರರಾಗುವುದಿಲ್ಲ, ಬಿ.ಕಾಂ. ಮುಗಿದ ಮೇಲೆ ಕೆಲಸ ಬೇಕು.

ನಾವೇ ಪಾಠ ಹೇಳಿದ ಒಬ್ಬ ಹುಡುಗನಿಗೆ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸವಾಯಿತು. ಮೊದಲ ಸಂಬಳದಲ್ಲಿ ಅವ್ವನಿಗೆ ಕುಕ್ಕರ್ ತಂದ. ಅವನಿಗೆ ಕೊಟ್ಟದ್ದು ಕೇರಿಗಳನ್ನೇ. ಯಾರ ಮನೆ ಯಾವ ಸಂದಿಯಲ್ಲಿದೆ, ಯಾರನ್ನು ಅಕ್ಕ ಅನ್ನಬೇಕು, ಯಾರನ್ನು ದೊಡ್ಡವ್ವ ಅನ್ನಬೇಕು ಎಲ್ಲ ಬಲ್ಲವನು. ಎಲ್ಲ ಕಡೆ ನಮಗೆ ಅಡ್ಡಿಯಾದ ಜಾತಿ ಅಲ್ಲಿ ಕಂಪನಿಗೆ ಆಸ್ತಿಯಾಯಿತು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಿಸಿಲಲ್ಲಿ ಬಂದವನೆ ಎಂದು ತಂಬಿಗೆ ನೀರು ಕೊಟ್ಟು, ಮಗಳ ಶೂಗೆಂದು ಇಟ್ಟಿದ್ದ ದುಡ್ಡನ್ನು ಡಬ್ಬಿಯಿಂದ ತೆಗೆದು ಕಂತು ಕಟ್ಟಿದಳು. "ನೀರೂ ಕುಡುದೆ ಸಾರ್, ದುಡ್ಡೂ ಎಣಿಸ್ದೆ" ಎಂದ. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಅವನಿಗೆ ಏನು ಹೇಳಬೇಕಿತ್ತು? ಕೆಲಸ ಬಿಡು ಎಂದರೆ ಅವನ ಮನೆಯ ಒಲೆ ನಾವು ಹಚ್ಚುತ್ತೇವೆಯೇ? ಕೆಲಸ ಅಂದ ಮೇಲೆ ಕೆಲಸ ಎಂದುಬಿಟ್ಟರೆ ಜೀತದಾಳುಗಳ ಬೆನ್ನಿಗೆ ನಿಂತಿದ್ದ ಮೇಸ್ತ್ರಿಯ ಮಾತೂ ಅದೇ ಆಗಿತ್ತು. ಹೊಟ್ಟೆಪಾಡು ಎಂಬ ಉತ್ತರ ಅವನ ಹೊಟ್ಟೆಗೆ ಸಾಕು, ಆ ತಂಬಿಗೆ ಕೊಟ್ಟವಳಿಗೆ ಸಾಲದು. ಕಂಪನಿಯ ಮೇಲೆ ಕೂತವರ ತಪ್ಪು ದೊಡ್ಡದು, ನಿಜ. ಬಾಗಿಲಲ್ಲಿ ನಿಂತವನದು ಸಣ್ಣದು. ಸಣ್ಣದೆಂದು ಅದನ್ನು ಸೊನ್ನೆ ಬರೆಯಲು ನಮಗೆ ಮನಸ್ಸು ಒಪ್ಪುತ್ತಿಲ್ಲ. ಹಾಗೆ ಬರೆಯುವುದು ಅವನಿಗೂ ಅವಮಾನ. ಬಾಗಿಲಿಗೆ ಬಂದು ಹಣ ವಸೂಲು ಮಾಡುವುದೇ ಪಾಪವಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗಲೂ ಏಜೆಂಟು ಮನೆಬಾಗಿಲಿಗೇ ಬರುತ್ತಿದ್ದ, ಎರಡಾಣೆ ಇಸಿದುಕೊಳ್ಳುತ್ತಿದ್ದ. ಆ ಎರಡಾಣೆ ಕೊಟ್ಟವಳದೇ ಆಗಿ ಉಳಿಯುತ್ತಿತ್ತು. ವ್ಯತ್ಯಾಸ ಇರುವುದು ಬೈಕಿನಲ್ಲಲ್ಲ, ಚೀಟಿಯಲ್ಲಿ.

2022ರ ಏಪ್ರಿಲಿನಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮ ಮೂರು ಲಕ್ಷದೊಳಗೆ ವರಮಾನವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವನ್ನು ಮೈಕ್ರೋಫೈನಾನ್ಸ್ ಎನ್ನುತ್ತದೆ. ಎಲ್ಲ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ಬಡ್ಡಿಗೆ ಮೊದಲಿದ್ದ ಮಿತಿ ತೆಗೆದು, ದರ ಗೊತ್ತುಮಾಡುವುದನ್ನು ಸಂಸ್ಥೆಗಳಿಗೇ ಬಿಟ್ಟಿತು. ಅರ್ಧ ಎಂದು ಯಾರು ಅಳೆದರು? ಹತ್ತು ಸಾವಿರ ದುಡಿಯುವ ಮನೆಯ ಐದು ಸಾವಿರ, ಲಕ್ಷ ದುಡಿಯುವ ಮನೆಯ ಐವತ್ತು ಸಾವಿರ, ಎರಡೂ ಅರ್ಧವೇ. 2025ರ ಮೊದಲಲ್ಲಿ ಕಿರುಕುಳ ತಾಳದೆ ಊರು ಬಿಟ್ಟವರ, ಪ್ರಾಣ ಬಿಟ್ಟವರ ಸುದ್ದಿ ದಿನವೂ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಜೈಲಿಗೆ ಮೊದಲು ಹೋಗುವವನು ಯಾರು ಎಂದು ಯೋಚಿಸಿದರೆ ನಮ್ಮ ಆ ಹುಡುಗನ ಮುಖವೇ ಕಾಣುತ್ತದೆ.

ಈಗ ಭಾನುವಾರದ ಪಾಠದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಪುಸ್ತಕದ ಲೆಕ್ಕಕ್ಕೆ ಮುಂಚೆ ಮನೆಯ ಪಾಸ್‌ಬುಕ್ಕು. ಜೊತೆಗೆ ರಾಜ್ಯದ ಬಜೆಟ್ಟು. 2013ರ ಉಪಯೋಜನೆ ಕಾಯ್ದೆಯಲ್ಲಿ 7(ಡಿ) ಎಂಬ ಒಂದು ಚಿಕ್ಕ ಕಲಮಿನಿಂದ ಪರಿಶಿಷ್ಟರ ಹಣ ರಸ್ತೆ, ಸೇತುವೆಯ ಬಾಬ್ತಿಗೂ ಹರಿಯಲು ದಾರಿಯಿತ್ತು. 2023ರಲ್ಲಿ ಅದನ್ನು ತೆಗೆಯುವವರೆಗೆ ನಮ್ಮಲ್ಲಿ ಎಷ್ಟು ಜನ ಬಿ.ಕಾಂ. ಪದವೀಧರರು ಅದನ್ನು ಓದಿದ್ದರು? ನಾವು ಓದಿರಲಿಲ್ಲ. ಬ್ಯಾಲೆನ್ಸ್ ಶೀಟು ಮಾತ್ರ ಚೆನ್ನಾಗಿ ತಾಳೆ ಮಾಡುತ್ತಿದ್ದೆವು.

ಆ ಹುಡುಗಿ ಮುಂದಿನ ಸಲ ಊರಿಗೆ ಹೋದಾಗ ಅವ್ವನ ಪಾಸ್‌ಬುಕ್ಕು ಬಿಚ್ಚಿಸಿದಳು. ಪಟ್ಟಣದ ಯಾವುದೋ ಖಾಸಗಿ ಫೈನಾನ್ಸಿನ 30,000. ತಿಂಗಳಿಗೆ 2,800ರಂತೆ 12 ಕಂತು, ವರ್ಷಕ್ಕೆ ನೂರಕ್ಕೆ ಹನ್ನೆರಡೇ ಬಡ್ಡಿ ಕಣಮ್ಮ ಎಂದಿದ್ದರಂತೆ. ಪ್ರತಿ ಕಂತಿನಲ್ಲೂ ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಮೂವತ್ತು ಸಾವಿರದ ಮೇಲೇ ಬಿದ್ದಿತ್ತು. ಕೂಡಿ ಕಳೆದು ನೋಡಿದರೆ ಹನ್ನೆರಡು ಇಪ್ಪತ್ತೊಂದೂವರೆ ಆಯಿತು. ಕೊಡುವಾಗಲೇ ಫೀಜು ಎಂದು 600 ಹಿಡಿದಿದ್ದರು, ಅದನ್ನೂ ಸೇರಿಸಿದಾಗ ಇಪ್ಪತ್ತೈದು ದಾಟಿತು. ಅವ್ವ ದೀಪದ ಹತ್ತಿರಕ್ಕೆ ಸರಿದು ಆ ಅಂಕಿಯನ್ನೇ ನೋಡುತ್ತಾ ಕೂತಳು.

"ಇದುನ್ನ ಗುರುವಾರ ಅವನ ಮುಂದೆ ಹೇಳ್ತೀಯಾ?" ಎಂದಳು.

ಗುರುವಾರ ಹುಡುಗಿಗೆ ವಿಜಯನಗರದಲ್ಲಿ ಪರೀಕ್ಷೆಯಿತ್ತು, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟು.