ಮಾತು ಕಡಿಮೆಯವರ ಪರವಾಗಿ

ಮಲೆನಾಡಿನ ನಮ್ಮ ಹೊಂಗಡಹಳ್ಳದ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಗದ್ದೆಬಯಲು, ಅದರ ಮೇಲೆ ಕಾಫಿ, ಏಲಕ್ಕಿ, ಆಚೆಗೆ ಬಿಸಿಲೆಯ ಕಾಡು. ನಡುವೆಲ್ಲೋ ಒಂಟಿ ಮನೆ. ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಜಗಲಿಯಲ್ಲಿ ಸುಮ್ಮನೆ ಕೂತವನನ್ನು ಏನಾಯಿತೆಂದು ಯಾರೂ ಕೇಳುವುದಿಲ್ಲ. ಆದರೂ ಹೆಣ್ಣು ಕೊಡುವ ಮಾತು ಬಂದಾಗ ನಮ್ಮವರೂ ಸಮಜಾಯಿಷಿ ಹೇಳುತ್ತಾರೆ: ‘ಮಾತು ಕಮ್ಮಿ, ಆದ್ರೆ ಒಳ್ಳೇ ಹುಡುಗ.’ ಮೌನಕ್ಕೆ ಹೀಗೆ ಜಾಮೀನು ಬೇಕಾಗುವುದು ನನಗೆ ನೋವಿನ ಸಂಗತಿ.

ಕಾದಂಬರಿಗಳೂ ಈ ಜಾಮೀನು ಕೇಳಿವೆ. ತೇಜಸ್ವಿಯವರ ‘ಕರ್ವಾಲೊ’ (1980) ನಮ್ಮ ನೆರೆಯ ಮೂಡಿಗೆರೆ ಸೀಮೆಯದು. ಅದರಲ್ಲಿನ ಮಂದಣ್ಣ ಮೌನಿಯೇನಲ್ಲ, ಆದರೆ ಊರಿನ ಲೆಕ್ಕಕ್ಕೆ ಬಾರದವನು, ಜೇನು ಹುಡುಕುತ್ತ ಕಾಡು ಅಲೆಯುವವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಕಂಡವನಾದ್ದರಿಂದ ಅವನು ಬೇಕಾದವನಾಗುತ್ತಾನೆ.

ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಇನ್ನೂ ಆಳಕ್ಕಿಳಿಯುತ್ತದೆ. ಎಳವೆಯಲ್ಲೇ ವಿಧವೆಯಾದ ಹುಡುಗಿ ಮಾತು ಕಡಿಮೆ ಮಾಡಿದಳು. ಜನ ಅವಳನ್ನು ಮೂಕಿ ಎಂದರು. ಎಷ್ಟೋ ಕಾಲದ ಮೇಲೆ ಮೊಮ್ಮಗ ಸುಬ್ಬರಾಯ ಹತ್ತಿರ ಕೂತು ಕೇಳತೊಡಗಿದ. ಅಜ್ಜಿ ದೇವರು, ಹೆಣ್ಣು, ಗಂಡು, ಎಂದೋ ಬಾಳಿಹೋದ ಜನ, ಎಲ್ಲದರ ಬಗ್ಗೆಯೂ ಅಂಜದೆ ನುಡಿದಳು. ಕೇಳುವವನೊಬ್ಬ ಸಿಕ್ಕರೆ ಮೌನ ಹೇಗೆ ಬಾಯಿಬಿಡುತ್ತದೆಂದು ಇಷ್ಟು ಚೆನ್ನಾಗಿ ತೋರಿಸಿದ ಕೃತಿಯನ್ನು ನಾನು ಬೇರೆ ಓದಿಲ್ಲ. ಆದರೆ ಅಜ್ಜಿಯ ಒಳಗಣ್ಣೂ ಇಲ್ಲದ, ಓತಿಯನ್ನೂ ಕಾಣದ ಸಾಧಾರಣ ಮೌನಿಯ ಗತಿಯೇನು? ಏನನ್ನೂ ಸಾಬೀತು ಮಾಡದೆಯೇ ಅವನಿಗೆ ಮರ್ಯಾದೆ ಸಲ್ಲಬೇಕು.

ಅಂತರ್ಮುಖತೆ ಮನುಷ್ಯರ ಸಹಜ ಸ್ವಭಾವಗಳಲ್ಲೊಂದೆಂದು ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲೇ ವಿವರಿಸಿದ್ದರು. ನೂರು ವರ್ಷ ಕಳೆದರೂ ಶಾಲೆ, ಕಚೇರಿಗಳು ಮಾತುಗಾರರ ಪರ. ಹೊರನಾಡಿನ ನಮ್ಮ ಕನ್ನಡ ಸಂಘಗಳೂ ಹಾಗೆಯೇ. ರಾಜ್ಯೋತ್ಸವಕ್ಕೆ ಬಂದು, ಹಿಂದಿನ ಸಾಲಲ್ಲಿ ಕೂತು, ಊಟ ಮಾಡಿ ಹೊರಡುವವರನ್ನು ‘ಬೆರೆಯೋದಿಲ್ಲ’ ಎಂದುಬಿಡುತ್ತೇವೆ. ಪುಸ್ತಕ ಹಿಡಿದು ಮೂಲೆ ಸೇರಿದ ಮಗುವನ್ನು ವೇದಿಕೆಗೆ ತಳ್ಳುತ್ತೇವೆ. ಏಕಾಂತ ಬಯಸಿದವರು ಬೇರೆ, ಹೊಸ ದೇಶದಲ್ಲಿ ಗುರುತಿನವರಿಲ್ಲದೆ ಒಂಟಿಯಾದವರು ಬೇರೆ. ದೂರದಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಹತ್ತಿರ ಹೋಗದೆ ತಿಳಿಯುವುದಿಲ್ಲ.

ಆದ್ದರಿಂದ ಬಂಧುಗಳಲ್ಲಿ ನನ್ನ ಕೋರಿಕೆ: ಈ ಸಲದ ಊಟದ ಪಂಕ್ತಿಯಲ್ಲಿ ಅಂಥವರ ಪಕ್ಕ ಕೂತುಕೊಳ್ಳಿ. ಮಾತಾಡಿದರೆ ಕೇಳಿ, ಆಡದಿದ್ದರೆ ಒತ್ತಾಯ ಬೇಡ. ಮುಂದಿನ ವರ್ಷವೂ ಅವರಿಗೆ ತಪ್ಪದೆ ಕರೆ ಹೋಗಲಿ.